‘ಹುಟ್ಟಾ ಟ್ಯಾಲೆಂಟ್’ ಅನ್ನೋ ಸುಳ್ಳು: ಶೂಟಿಂಗ್ ಗೇಮ್‌ನಲ್ಲಿ ವೇಗ ಕಲಿಯೋದು ಹೇಗೆ?

“ಅವನು ಹುಟ್ಟಾ ಟ್ಯಾಲೆಂಟ್ ಬಿಡು ಮಗಾ, ಅದೆಲ್ಲ ನಮ್ ಕೈಲಿ ಆಗಲ್ಲ.” ಶೂಟಿಂಗ್ ಗೇಮ್ ಆಡುವ ಯಾವ ಗುಂಪಿಗೆ ಹೋದರೂ ಈ ಮಾತು ಕೇಳಿಸುತ್ತೆ. ಎದುರು ತಂಡದವನು ಗೋಡೆ ಹಿಂದಿನಿಂದ ಚಿಮ್ಮಿ ಬಂದು, ನಾವು ಗುರಿ ಹಿಡಿಯುವಷ್ಟರಲ್ಲಿ ಮೂರು ಗುಂಡು ಹೊಡೆದು ಮತ್ತೆ ಮರೆಯಾಗಿರ್ತಾನೆ. ಅವನ ಬೆರಳಲ್ಲೇ ಏನೋ ವಿಶೇಷ ಇದೆ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ಈ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಗೇಮ್‌ನಲ್ಲಿ ವೇಗವಾಗಿ ಚಲಿಸುವುದು ಕಲಿಯಬಹುದಾದ ವಿದ್ಯೆ. ಅದರ ಹಿಂದೆ ಲೆಕ್ಕ ಇದೆ, ಅಭ್ಯಾಸದ ಕ್ರಮ ಇದೆ. ಆದರೆ ಕಲಿಯಲು ಬೇಕಾದ ಯಂತ್ರ, ಸಮಯ ಮತ್ತು ಹೇಳಿಕೊಡುವವರು ಎಲ್ಲರಿಗೂ ಸಮವಾಗಿ ಸಿಗುವುದಿಲ್ಲ. ಆ ಅಸಮಾನತೆಯನ್ನು ಮುಚ್ಚಿಡುವ ಪದವೇ ‘ಟ್ಯಾಲೆಂಟ್’. ಕಾಲೇಜು ಸೀಟು, ಉದ್ಯೋಗದ ವಿಷಯದಲ್ಲಿ ‘ಮೆರಿಟ್’ ಎಂಬ ಪದವನ್ನು ಪ್ರಶ್ನಿಸುವ ನಾವು, ಕೈಯಲ್ಲಿ ಫೋನ್ ಹಿಡಿದ ಕೂಡಲೇ ಅದನ್ನು ಮರೆತುಬಿಡ್ತೀವಿ.

ನಾನು ಬರೀತಿರೋದು ಪುಟ್ಟೇನಹಳ್ಳಿಯಿಂದ. ಜೆ.ಪಿ. ನಗರದ ಪುಟ್ಟೇನಹಳ್ಳಿ ಅಲ್ಲ, ಯಲಹಂಕದ್ದು. ದೊಡ್ಡಬಳ್ಳಾಪುರ ರಸ್ತೆ ಪಕ್ಕದ, ಹಕ್ಕಿಗಳ ಕೆರೆ ಇರುವ ಪುಟ್ಟೇನಹಳ್ಳಿ. ನಮ್ಮ ಬಳಗದಲ್ಲಿ ಅರ್ಧ ಜನ ಫೋನಿನಲ್ಲಿ ಬಿಜಿಎಂಐ ಆಡ್ತಾರೆ. ಉಳಿದವರು ಯಲಹಂಕದ ಕಡೆ ಹೋಗಿ, ಗೇಮಿಂಗ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್-ಸ್ಟ್ರೈಕ್ 2 ಆಡ್ತಾರೆ. ಹೊಸಬರಿಗೆ ಚಲನೆಯ ಪಾಠ ಹೇಳಿಕೊಡೋ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಆ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ನಿಯಮದಿಂದ ಹುಟ್ಟುವ ಪಟ್ಟು

ಮೊದಲು ಖೋ-ಖೋ ನೆನಪಿಸಿಕೊಳ್ಳಿ. ಎದ್ದು ಓಡುವ ಅಟ್ಟಾಳು ಒಮ್ಮೆ ಹಿಡಿದ ದಿಕ್ಕಿನಿಂದ ನಡುವೆ ಹಿಂತಿರುಗುವಂತಿಲ್ಲ, ಮಧ್ಯದ ಗೆರೆ ದಾಟುವಂತಿಲ್ಲ. ತಪ್ಪಿಸಿಕೊಳ್ಳುವ ಓಟಗಾರರಿಗೆ ಈ ಕಟ್ಟುಪಾಡು ಇಲ್ಲ. ಕೂತವರ ನಡುವೆ ನುಸುಳಿ ಹಾವಿನಂತೆ ಓಡುವ ಪಟ್ಟು ಹುಟ್ಟಿದ್ದು ಈ ಒಂದು ವ್ಯತ್ಯಾಸದಿಂದ. ಹಾಗೆ ಓಡಿ ಎಂದು ಯಾವ ನಿಯಮಾವಳಿಯೂ ಹೇಳಿಲ್ಲ. ಆಡಿದವರು ನಿಯಮವನ್ನು ಓದಿ ಕಂಡುಕೊಂಡರು.

ಶೂಟಿಂಗ್ ಗೇಮ್‌ಗಳಲ್ಲೂ ಹೀಗೇ ಆಯ್ತು. 1996ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ‘ಕ್ವೇಕ್’ ಬಿಡುಗಡೆ ಮಾಡಿತು. ಅದರಲ್ಲಿ ನೆಲದ ಮೇಲೆ ಓಡುವ ಗರಿಷ್ಠ ವೇಗ 320 ಯೂನಿಟ್. ಆದರೆ ಆಟಗಾರರು ಇದನ್ನು ಮೀರಿ ಹೋಗತೊಡಗಿದರು. ಅದು ಹೇಗೆ ಸಾಧ್ಯವಾಯ್ತು?

ನೀವು ಗಾಳಿಯಲ್ಲಿರುವಾಗ ಗೇಮ್ ನಿಮ್ಮ ಒಟ್ಟು ವೇಗವನ್ನು ನೋಡುವುದೇ ಇಲ್ಲ. ನೀವು ಒತ್ತಿದ ಕೀ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಲ್ಲಿ ಈಗಾಗಲೇ ಎಷ್ಟು ವೇಗ ಇದೆ ಅಂತ ಮಾತ್ರ ನೋಡುತ್ತೆ. ಅದು 30ಕ್ಕಿಂತ ಕಡಿಮೆ ಇದ್ದರೆ 30ರವರೆಗೆ ತುಂಬಿಸುತ್ತೆ. ನೇರ ಮುಂದಕ್ಕೆ 320ರಲ್ಲಿ ಹೋಗ್ತಾ ಮುಂದಿನ ಕೀ ಒತ್ತಿದರೆ ಏನೂ ಸಿಗಲ್ಲ, ಆ ದಿಕ್ಕಿನ ಪಾತ್ರೆ ಆಗಲೇ ತುಂಬಿದೆ. ಪಕ್ಕದ ಕೀ ಒತ್ತಿದರೆ? ಆ ದಿಕ್ಕಿನಲ್ಲಿ ವೇಗ ಸೊನ್ನೆ. ಹಾಗಾಗಿ 30 ಸಿಗುತ್ತೆ.

ಇನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ತೆಗೆಯಿರಿ. ಮುಂದಕ್ಕೆ 320, ಅದಕ್ಕೆ ಲಂಬವಾಗಿ 30. ಒಟ್ಟು ವೇಗ ಸುಮಾರು 321.4. ಗಳಿಸಿದ್ದು ಒಂದೂವರೆ ಯೂನಿಟ್‌ಗೂ ಕಡಿಮೆ. ಆದರೆ ಗೇಮ್ ಈ ಲೆಕ್ಕವನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತೆ. ಪ್ರತಿ ಸಲವೂ ಮೌಸ್ ತಿರುಗಿಸುತ್ತಾ ಕೀಯ ದಿಕ್ಕನ್ನು ಓಟದ ದಿಕ್ಕಿಗೆ ಲಂಬವಾಗಿಯೇ ಇಟ್ಟರೆ, 50 ಸಲ ಆಗುವಷ್ಟರಲ್ಲಿ ವೇಗ ಸುಮಾರು 384 ಆಗಿರುತ್ತೆ. ಇದು ಕೋನ ಒಂದಿಷ್ಟೂ ತಪ್ಪದಿದ್ದಾಗಿನ ಲೆಕ್ಕ, ನಿಜ ಆಟದಲ್ಲಿ ಸಿಗೋದು ಕಡಿಮೆ. ನೆಲಕ್ಕೆ ಇಳಿದರೆ ಘರ್ಷಣೆ ವೇಗವನ್ನು ತಿನ್ನುತ್ತೆ. ಅದಕ್ಕೇ ಕಾಲು ತಾಗಿದ ಕ್ಷಣದಲ್ಲೇ ಮತ್ತೆ ಜಿಗಿಯಬೇಕು. ಇದನ್ನೇ ‘ಬನಿ ಹಾಪ್’ ಅಂತಾರೆ. ಗಾಳಿಯಲ್ಲಿ ಪಕ್ಕದ ಕೀ ಮತ್ತು ಮೌಸ್ ಸೇರಿಸಿ ತಿರುಗುವುದು ‘ಏರ್ ಸ್ಟ್ರೇಫ್’. ಮೊಲದ ಹಾಗೆ ಕುಪ್ಪಳಿಸುವವನ ಗುಟ್ಟು ಇಷ್ಟೇ.

ದೋಷವೋ, ಕಲೆಯೋ? ನಿರ್ಧಾರ ಯಾರದ್ದು?

ಇದು ಗೇಮ್ ಮಾಡಿದವರು ಬೇಕೆಂದು ಇಟ್ಟದ್ದಲ್ಲ. 1999ರಲ್ಲಿ ‘ಕ್ವೇಕ್ 3’ ತಯಾರಾಗುವಾಗ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಈ ಜಿಗಿತದ ಲಾಭವನ್ನು ತೆಗೆಯಲು ಪ್ರಯತ್ನಿಸಿದರು. ಆದರೆ ಹಾಗೆ ಮಾಡಿದರೆ ಮಾಮೂಲಿ ಓಟದ ಹದವೇ ಕೆಡುತ್ತಿತ್ತು. ಕೈಬಿಟ್ಟರು. 1998ರ ‘ಸ್ಟಾರ್‌ಸೀಜ್: ಟ್ರೈಬ್ಸ್’ ಗೇಮ್‌ನಲ್ಲಿ ಇಳಿಜಾರಿನಲ್ಲಿ ಜಿಗಿಯುತ್ತಾ ಜಾರುವ ‘ಸ್ಕೀಯಿಂಗ್’ ಕೂಡ ಹೀಗೇ ಆಟಗಾರರು ಹುಡುಕಿದ್ದು. ಮುಂದೆ ಅದೇ ಆ ಸರಣಿಯ ಗುರುತಾಯ್ತು.

ಕೌಂಟರ್-ಸ್ಟ್ರೈಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಗೆಲುವು ಕಾಯುವುದರಲ್ಲಿ, ಗುರಿಯಲ್ಲಿ, ಯೋಜನೆಯಲ್ಲಿ ಇರಬೇಕು ಅಂತ ಬನಿ ಹಾಪ್‌ನ ವೇಗಕ್ಕೆ ಕಡಿವಾಣ ಹಾಕಿದರು. ‘ಏಪೆಕ್ಸ್ ಲೆಜೆಂಡ್ಸ್’ ಕತೆ ಇನ್ನೂ ಸ್ವಾರಸ್ಯ. ಮುಂದಕ್ಕೆ ಹೋಗುವ ಆಜ್ಞೆಯನ್ನು ಮೌಸಿನ ಚಕ್ರಕ್ಕೆ ಕಟ್ಟಿ, ಗಾಳಿಯಲ್ಲೇ ವೇಗ ಕಳೆದುಕೊಳ್ಳದೆ ಚಕ್ಕಂತ ತಿರುಗುವ ‘ಟ್ಯಾಪ್ ಸ್ಟ್ರೇಫ್’ ಅಲ್ಲಿ ಚಾಲ್ತಿಯಲ್ಲಿತ್ತು. ಇದು ಎಲ್ಲರ ಕೈಗೆಟುಕುವಂಥದ್ದಲ್ಲ, ಎದುರಾಳಿಗೆ ಅರ್ಥವಾಗುವಂಥದ್ದೂ ಅಲ್ಲ ಅಂತ 2021ರಲ್ಲಿ ಕಂಪನಿ ಇದನ್ನು ತೆಗೆಯುವುದಾಗಿ ಹೇಳಿತು. ಆಮೇಲೆ ಅನಿರೀಕ್ಷಿತ ಅಡ್ಡಪರಿಣಾಮಗಳಿವೆ ಅಂತ ಮುಂದೂಡಿತು.

ನಾಲ್ಕು ಗೇಮ್‌ಗಳಲ್ಲಿ ನಾಲ್ಕು ರೀತಿಯ ತೀರ್ಮಾನ. ಲಕ್ಷಾಂತರ ಜನ ವರ್ಷಗಟ್ಟಲೆ ಕಲಿತ ವಿದ್ಯೆ ಉಳಿಯಬೇಕೋ ಬೇಡವೋ ಅಂತ ಒಂದು ಕಂಪನಿಯ ಕಚೇರಿ ನಿರ್ಧರಿಸುತ್ತೆ. ಆಟಗಾರರು ಗಲಾಟೆ ಮಾಡಬಹುದು, ಮತ ಹಾಕುವಂತಿಲ್ಲ. ಆದರೂ ಏಪೆಕ್ಸ್‌ನ ವಾದದಲ್ಲಿ ಒಂದು ನ್ಯಾಯವಾದ ಪ್ರಶ್ನೆ ಇತ್ತು: ಈ ಪಟ್ಟು ಕಲಿಯುವ ಅವಕಾಶ ಯಾರ್ಯಾರಿಗೆ ಇದೆ? ಆ ಪ್ರಶ್ನೆಗೆ ಬರುವ ಮುಂಚೆ ಕಲಿಯುವ ಕ್ರಮ ನೋಡೋಣ.

ಕಲಿಯಬೇಕಾದ ಮೂರು ಪಟ್ಟು

ಒಂದು, ನಿಲ್ಲುವುದು. ವೇಗದ ಪಾಠ ನಿಲ್ಲುವುದರಿಂದ ಶುರುವಾಗುತ್ತೆ ಅಂದರೆ ಹೊಸಬರು ನಗ್ತಾರೆ. ಕೌಂಟರ್-ಸ್ಟ್ರೈಕ್‌ನಲ್ಲಿ ಓಡ್ತಾ ಹೊಡೆದರೆ ಗುಂಡು ಚದುರುತ್ತೆ. ಕೀ ಬಿಟ್ಟ ಮೇಲೂ ಪಾತ್ರ ಒಂದಿಷ್ಟು ದೂರ ಜಾರುತ್ತೆ. ಆ ಜಾರಾಟವನ್ನು ಕತ್ತರಿಸಲು ವಿರುದ್ಧ ದಿಕ್ಕಿನ ಕೀಯನ್ನು ಒಂದು ಕ್ಷಣ ತಟ್ಟಬೇಕು. ಎಡಕ್ಕೆ ಹೋಗ್ತಿದ್ದರೆ ಎಡ ಕೀ ಬಿಟ್ಟು, ಬಲ ಕೀ ತಟ್ಟಿ, ಅದೇ ಕ್ಷಣ ಗುಂಡು. ಇದು ‘ಕೌಂಟರ್ ಸ್ಟ್ರೇಫ್’. ಬೇಗ ನಿಲ್ಲಬಲ್ಲವನು ಬೇಗ ಹೊಡೆಯಬಲ್ಲ, ಬೇಗ ಮರೆಗೆ ಹೋಗಬಲ್ಲ.

ಎರಡು, ಗಾಳಿಯಲ್ಲಿ ತಿರುಗುವುದು. ಜಿಗಿದ ಮೇಲೆ ಮುಂದಿನ ಕೀಯಿಂದ ಬೆರಳು ತೆಗೆಯಿರಿ. ಬಲಕ್ಕೆ ತಿರುಗಬೇಕಿದ್ದರೆ ಬಲ ಕೀ ಒತ್ತಿ, ಮೌಸನ್ನೂ ಬಲಕ್ಕೆ ನಿಧಾನವಾಗಿ ಎಳೆಯಿರಿ. ಎರಡೂ ಒಂದೇ ದಿಕ್ಕಿಗೆ, ಒಂದೇ ಲಯದಲ್ಲಿ. ಮೌಸ್ ಜೋರಾಗಿ ಎಳೆದರೆ ಕೋನ ತಪ್ಪುತ್ತೆ, ವೇಗ ಬೀಳುತ್ತೆ. ಕೌಂಟರ್-ಸ್ಟ್ರೈಕ್‌ನಲ್ಲಿ ಇದರಿಂದ ಸಿಗುವ ವೇಗ ಕಡಿಮೆ. ಆದರೆ ಪೆಟ್ಟಿಗೆ ಸುತ್ತಿ, ಕಿಟಕಿ ನುಸುಳಿ ಹೋಗಲು ಇದು ಬೇಕೇ ಬೇಕು.

ಮೂರು, ಬೆರಳು ಹಂಚುವುದು. ಇದು ಫೋನಿನಲ್ಲಿ ಆಡುವವರಿಗೆ. ಎರಡೇ ಹೆಬ್ಬೆರಳಲ್ಲಿ ಆಡಿದರೆ ಎಡಗೈ ಓಡಿಸುತ್ತೆ, ಬಲಗೈ ಗುರಿಯನ್ನೂ ನೋಡಬೇಕು, ಗುಂಡನ್ನೂ ಹೊಡೆಯಬೇಕು, ಜಿಗಿಯಲೂ ಬೇಕು. ಒಂದು ಮಾಡುವಾಗ ಇನ್ನೊಂದು ನಿಲ್ಲುತ್ತೆ. ತೋರುಬೆರಳುಗಳನ್ನು ಪರದೆಯ ಮೇಲಂಚಿಗೆ ತಂದು ಗುಂಡು ಮತ್ತು ಸ್ಕೋಪ್ ಬಟನ್ ಅಲ್ಲಿಟ್ಟರೆ ಹೆಬ್ಬೆರಳು ಎರಡೂ ಚಲನೆಗೆ ಸಿಗ್ತವೆ. ಇದಕ್ಕೆ ‘ಕ್ಲಾ’ ಹಿಡಿತ ಅಂತಾರೆ. ಜೊತೆಗೆ ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವ ಜೈರೋಸ್ಕೋಪ್ ಬಳಸಿದರೆ ಬಲ ಹೆಬ್ಬೆರಳಿನ ಕೆಲಸ ಇನ್ನೂ ಇಳಿಯುತ್ತೆ. ಓಡ್ತಾ, ವಾಲ್ತಾ, ಕೂರ್ತಾ ಹೊಡೆಯುವವರ ಕೈಯಲ್ಲಿ ನಡೆಯೋದು ಈ ಕೆಲಸ ಹಂಚಿಕೆ.

ಅಭ್ಯಾಸ ಹೇಗೆ?

ನಮ್ಮ ಹುಡುಗರು ಸಾಮಾನ್ಯವಾಗಿ ಮಾಡೋದು ಏನಂದ್ರೆ, ಯೂಟ್ಯೂಬ್‌ನಲ್ಲಿ ಒಂದು ಪಟ್ಟು ನೋಡಿ ನೇರ ಮ್ಯಾಚ್‌ಗೆ ಹೋಗೋದು. ಮ್ಯಾಚ್‌ನಲ್ಲಿ ಎದೆ ಹೊಡ್ಕೊಳ್ತಿರುತ್ತೆ, ಕೈ ಹಳೇ ಚಾಳಿಗೇ ಹೋಗುತ್ತೆ. ಹಾಗಾಗಿ ಕ್ರಮ ಹೀಗಿರಲಿ.

ವಾರಕ್ಕೆ ಒಂದೇ ಪಟ್ಟು. ಮೊದಲ ಎರಡು ದಿನ ಯಾರೂ ಇಲ್ಲದ ಮ್ಯಾಪ್‌ನಲ್ಲಿ, ಬಿಜಿಎಂಐ ಆದರೆ ತರಬೇತಿ ಮೈದಾನದಲ್ಲಿ, ಬೇಕಂತಲೇ ನಿಧಾನವಾಗಿ ಮಾಡಿ. ಕೌಂಟರ್ ಸ್ಟ್ರೇಫ್ ಕಲಿಯುವವರು ಗೋಡೆ ಎದುರು ನಿಂತು, ಪಕ್ಕಕ್ಕೆ ಸರಿದು, ನಿಂತು, ಒಂದೇ ಗುಂಡು ಹೊಡೆಯಿರಿ. ಗುರುತು ಗುರಿಯ ಮಧ್ಯದಲ್ಲಿ ಬಿದ್ದರೆ ಸರಿಯಾಗಿ ನಿಂತಿದ್ದೀರಿ. ಆಚೀಚೆ ಬಿದ್ದರೆ ಎರಡು ಕೀ ಒಟ್ಟಿಗೆ ಒತ್ತಿರ್ತೀರಿ, ಇಲ್ಲವೇ ನಡುವೆ ಅಂತರ ಬಿಟ್ಟಿರ್ತೀರಿ. ಹೀಗೆ ಗೋಡೆಯೇ ಮೇಷ್ಟ್ರಾಗುತ್ತೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಮೂರು ಗಂಟೆ ಒಂದೇ ಸಮ ಮಾಡಿದರೆ ಕೊನೆಯ ಎರಡೂವರೆ ಗಂಟೆ ತಪ್ಪನ್ನೇ ಗಟ್ಟಿ ಮಾಡ್ಕೊಳ್ತೀರಿ, ಮಣಿಕಟ್ಟು ನೋವು ಬೇರೆ. ನೋವು ಬಂದ ದಿನ ನಿಲ್ಲಿಸಿ. ಮೂರನೇ ದಿನದಿಂದ ವೇಗ ಏರಿಸಿ. ನಿಮ್ಮ ಆಟವನ್ನು ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ನೋಡಿ. ವಾರಾಂತ್ಯದಲ್ಲಿ ಮ್ಯಾಚ್‌ಗೆ ಹೋಗಿ, ಆದರೆ ಗೆಲ್ಲೋಕಲ್ಲ, ಆ ಪಟ್ಟನ್ನು ಎಷ್ಟು ಸಲ ನೆನಪಿಟ್ಟು ಮಾಡಿದೆ ಅಂತ ಎಣಿಸೋಕೆ.

ಕೌಂಟರ್-ಸ್ಟ್ರೈಕ್ ಬಳಗ ಕಟ್ಟಿಕೊಂಡ ಇನ್ನೊಂದು ಒಳ್ಳೆಯ ಶಾಲೆ ಇದೆ. ಇಳಿಜಾರುಗಳ ಮೇಲೆ ಜಾರುತ್ತಾ ಹೋಗುವ ‘ಸರ್ಫ್’ ಮ್ಯಾಪ್‌ಗಳು, ಕಂಬದಿಂದ ಕಂಬಕ್ಕೆ ಜಿಗಿಯುವ ‘ಕೆಝಡ್’ ಮ್ಯಾಪ್‌ಗಳು. ಅಲ್ಲಿ ಶತ್ರು ಇಲ್ಲ, ಬಂದೂಕಿನ ಕೆಲಸವೂ ಇಲ್ಲ. ಇದನ್ನೆಲ್ಲ ಆಟಗಾರರು ತಾವೇ ಮಾಡಿ ಉಚಿತವಾಗಿ ಹಂಚಿದರು. ಜ್ಞಾನ ಹಂಚಿಕೆ ಅಂದ್ರೆ ಇದೇ ತಾನೆ?

ತಂಡ ಬಿಟ್ಟು ಓಡುವ ವೇಗ

ಚಲನೆ ಕಲಿತವರಿಗೆ ಬರುವ ಮೊದಲ ಕಾಯಿಲೆ ಒಬ್ಬನೇ ನುಗ್ಗೋದು. ತಂಡದ ಆಟದಲ್ಲಿ ವೇಗಕ್ಕೆ ಬೆಲೆ ಬರೋದು ಹಿಂದೆ ಬರುವವನ ಜೊತೆ ಹೊಂದಿದಾಗ ಮಾತ್ರ. ಮೊದಲು ನುಗ್ಗಿದವನು ಸತ್ತರೂ, ಒಂದೆರಡು ಸೆಕೆಂಡಿನಲ್ಲಿ ಎರಡನೆಯವನು ಬಂದು ಆ ಶತ್ರುವನ್ನು ಹೊಡೆದರೆ ಲೆಕ್ಕ ಸಮ. ಇದಕ್ಕೆ ‘ಟ್ರೇಡ್’ ಅಂತಾರೆ. ಮೊದಲನೆಯವನು ಐದು ಸೆಕೆಂಡ್ ಮುಂದೆ ಹೋಗಿದ್ದರೆ ಅದು ಬರೀ ಸಾವು. ಅದಕ್ಕೇ ಅತಿ ವೇಗದವನಿಗೆ ಹೇಳಿಕೊಡಬೇಕಾದ ಕೊನೆಯ ಪಾಠ ಕಾಯೋದು.

ಕಾಯೋಕೆ ಮಾತು ಬೇಕು. ಮಾತು ಚಿಕ್ಕದಿರಬೇಕು. ನಮ್ಮ ತಂಡದಲ್ಲಿ ಕನ್ನಡ, ತೆಲುಗು, ಹಿಂದಿ ಮನೆಮಾತಿನವರಿದ್ದಾರೆ. ಮೊದಮೊದಲು ಎಲ್ಲ ಹಿಂದಿಯಲ್ಲೇ ನಡೀತಿತ್ತು, ಹಿಂದಿ ಬರದ ಇಬ್ಬರು ಸುಮ್ಮನೆ ಇರ್ತಿದ್ರು. ಸುಮ್ಮನಿರುವವನು ತಾನು ಕಂಡದ್ದನ್ನು ಹೇಳಲ್ಲ, ತಂಡದ ಎರಡು ಕಣ್ಣು ಹೋದ ಹಾಗೆ. ಹತ್ತು ಪದ ಕೂತು ಆಯ್ಕೆ ಮಾಡಿದೆವು: ‘ಎಡ’, ‘ಬಲ’, ‘ಮೇಲೆ’, ‘ಒಬ್ಬ’, ‘ಇಬ್ಬರು’, ‘ತಡಿ’, ‘ನುಗ್ಗು’, ಹೀಗೆ. ತೆಲುಗು ಹುಡುಗನೂ ಬಿಹಾರದ ಹುಡುಗನೂ ಎರಡೇ ದಿನದಲ್ಲಿ ಕಲಿತರು. ಭಾಷೆಯ ಪ್ರಶ್ನೆಯನ್ನು ಹೀಗೂ ಬಗೆಹರಿಸಬಹುದು.

ಏಣಿ ಎಲ್ಲರಿಗೂ ಒಂದೇ ಎತ್ತರವಲ್ಲ

ಇಷ್ಟು ಹೇಳಿದ ಮೇಲೆ ‘ಕಷ್ಟಪಟ್ಟರೆ ಯಾರು ಬೇಕಾದರೂ ಕಲಿಯಬಹುದು’ ಅಂತ ಮುಗಿಸಿದರೆ ಅದೂ ಅರ್ಧ ಸುಳ್ಳೇ.

ಪರದೆ ಸೆಕೆಂಡಿಗೆ 30 ಚಿತ್ರ ತೋರಿಸಿದರೆ ಎರಡು ಚಿತ್ರಗಳ ನಡುವೆ ಸುಮಾರು 33 ಮಿಲಿಸೆಕೆಂಡ್. 60 ಆದರೆ ಸುಮಾರು 17. 120 ಆದರೆ 8ರ ಆಸುಪಾಸು. ಗೋಡೆ ಬದಿಯಿಂದ ಹೊರಬಂದವನನ್ನು ಅಗ್ಗದ ಫೋನಿನವನು ನೋಡುವುದೇ ತಡವಾಗಿ. ಬಿಜಿಎಂಐನಲ್ಲಿ 90, 120 ಚಿತ್ರಗಳ ಆಯ್ಕೆ ಎಲ್ಲ ಫೋನಿಗೂ ಸಿಗಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಜೈರೋಸ್ಕೋಪೇ ಇರಲ್ಲ. ಅರ್ಧ ಗಂಟೆಗೆ ಬಿಸಿಯಾಗಿ ತಡವರಿಸುವ ಫೋನಿನಲ್ಲಿ ಕಲಿತವನನ್ನು, ಒಳ್ಳೆ ಫೋನಿನವನ ಜೊತೆ ನಿಲ್ಲಿಸಿ ‘ಟ್ಯಾಲೆಂಟ್’ ಅಳೆಯೋದು ಯಾವ ನ್ಯಾಯ?

ಕಂಪ್ಯೂಟರಿನಲ್ಲೂ ಇದೇ. ಮೇಲೆ ಹೇಳಿದ ಕೌಂಟರ್ ಸ್ಟ್ರೇಫ್ ಕಷ್ಟವಾಗೋದು ಒಂದು ಕೀ ಬಿಟ್ಟು ಇನ್ನೊಂದು ಒತ್ತುವ ಆ ಕ್ಷಣದಲ್ಲಿ. 2024ರಲ್ಲಿ ರೇಜರ್ ಕಂಪನಿ ‘ಸ್ನ್ಯಾಪ್ ಟ್ಯಾಪ್’ ಎಂಬ ಸೌಲಭ್ಯ ತಂದಿತು. ಎರಡು ಕೀ ಒಟ್ಟಿಗೆ ಒತ್ತಿದ್ದರೂ ಕೊನೆಗೆ ಒತ್ತಿದ್ದನ್ನು ಮಾತ್ರ ಕೀಬೋರ್ಡ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ. ಅಂದರೆ ತಿಂಗಳುಗಟ್ಟಲೆ ಅಭ್ಯಾಸದಿಂದ ಬರುವ ನಿಖರತೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಅದೇ ವರ್ಷ ಆಗಸ್ಟ್‌ನಲ್ಲಿ ಕೌಂಟರ್-ಸ್ಟ್ರೈಕ್ ನಡೆಸುವ ವಾಲ್ವ್ ಕಂಪನಿ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಇಂಥ ಸಾಧನಗಳ ಬಳಕೆಯನ್ನು ನಿಷೇಧಿಸಿತು. ಈ ಸಲ ಕಂಪನಿ ಅಭ್ಯಾಸದ ಪರ ನಿಂತಿತು, ನನಗೆ ಅದು ಸರಿ ಅನಿಸುತ್ತೆ. ಆದರೆ ಒಳ್ಳೆ ಮಾನಿಟರ್, ಒಳ್ಳೆ ಇಂಟರ್ನೆಟ್ ಕೂಡ ದುಡ್ಡು ಕೊಟ್ಟು ಕೊಳ್ಳುವ ವೇಗವೇ. ಅದನ್ನು ಯಾರೂ ನಿಷೇಧಿಸಲಾರರು.

ಸಮಯದ ಲೆಕ್ಕ ಇನ್ನೊಂದು. ನಮ್ಮ ಬಳಗದಲ್ಲಿ ಡೆಲಿವರಿ ಕೆಲಸ ಮಾಡುವ ಒಬ್ಬ ಇದ್ದಾನೆ. ಅವನಿಗೆ ರಾತ್ರಿ ಹನ್ನೊಂದರ ನಂತರವೇ ಬಿಡುವು. ಹೆಣ್ಣುಮಕ್ಕಳದ್ದು ಮತ್ತೂ ಬೇರೆ ಕತೆ. ನಮ್ಮ ಜೊತೆ ಆಡುವ ಗೆಳತಿ ಅಪರಿಚಿತರ ಮ್ಯಾಚ್‌ನಲ್ಲಿ ಮೈಕ್ ಆನ್ ಮಾಡಲ್ಲ. ದನಿ ಕೇಳಿದ ಕೂಡಲೇ ಶುರುವಾಗುವ ಮಾತುಗಳು ಎಂಥವು ಅಂತ ಓದುಗರಿಗೆ ವಿವರಿಸಬೇಕಿಲ್ಲ. ತಂಡದ ಆಟವನ್ನು ಮೈಕ್ ಇಲ್ಲದೆ ಆಡಬೇಕಾದವಳ ವೇಗವನ್ನು ಯಾವ ಅಂಕಪಟ್ಟಿಯೂ ಸರಿಯಾಗಿ ತೋರಿಸಲ್ಲ.

ಇದರ ಮೇಲೆ ಸರ್ಕಾರ. ಪಬ್‌ಜಿ ಮೊಬೈಲ್‌ಗೆ 2020ರ ಸೆಪ್ಟೆಂಬರ್ 2ರಂದು ನಿಷೇಧ. 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ವಾಪಸ್. 2022ರ ಜುಲೈ ಕೊನೆಗೆ ಮತ್ತೆ ಮಾಯ. 2023ರ ಮೇನಲ್ಲಿ ಷರತ್ತುಗಳೊಂದಿಗೆ ಮತ್ತೆ ಬಂತು: 18ರೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಈ ಅವಧಿಯಲ್ಲಿ ಬೇರೆ ಗೇಮ್‌ಗೆ ಹೋದರು. ಫೋನ್ ಮಾತ್ರ ಇದ್ದವರ ಅಭ್ಯಾಸ ತಿಂಗಳುಗಟ್ಟಲೆ ನಿಂತಿತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಕೌಶಲದ್ದೋ ಅದೃಷ್ಟದ್ದೋ ನೋಡದೆ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಕೇಂದ್ರದ ಕಾಯ್ದೆ ದುಡ್ಡಿನ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಈ ವ್ಯತ್ಯಾಸ ಕಾನೂನಿನಲ್ಲಿ ಬಂದದ್ದು ಒಳ್ಳೆಯದೇ. ಮಕ್ಕಳ ಆಟದ ಸಮಯದ ಬಗ್ಗೆ ಮನೆಯವರ ಆತಂಕವೂ ಸುಳ್ಳಲ್ಲ. ಆದರೆ ಕ್ರೀಡೆ ಅಂತ ಒಪ್ಪಿದ ಮೇಲೆ ಮೈದಾನ ಎಲ್ಲಿ ಅನ್ನೋ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ?

ಖೋ-ಖೋ ಆಡಲು ಸರ್ಕಾರಿ ಶಾಲೆಯ ಅಂಗಳ, ಎರಡು ಕಂಬ ಸಾಕಿತ್ತು. ಅದಕ್ಕೇ ಅದು ಎಲ್ಲರ ಆಟವಾಯ್ತು. ಈ ಆಟಕ್ಕೆ ಅಂಥ ಅಂಗಳ ಬೇಕು. ಸರ್ಕಾರಿ ಪಾಲಿಟೆಕ್ನಿಕ್, ಡಿಗ್ರಿ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ಸಂಜೆ ಎರಡು ಗಂಟೆ ತೆರೆದರೆ ಶುರು ಮಾಡಬಹುದು. ಅನಿಮೇಷನ್, ಗೇಮಿಂಗ್ ಉದ್ಯಮ ಬೆಳೆಸಲು ರಾಜ್ಯಕ್ಕೆ 2024-29ರ ನೀತಿಯೇ ಇದೆ. ಆಡುವವರಿಗೂ ಅದರಲ್ಲಿ ಒಂದಿಷ್ಟು ಜಾಗ ಕೇಳೋಣ.

ಸರ್ಕಾರ ಕೊಡುವವರೆಗೆ ನಾವು ಮಾಡಬಹುದಾದ್ದೂ ಇದೆ. ಗೊತ್ತಿರುವ ಪಟ್ಟನ್ನು ಕನ್ನಡದಲ್ಲಿ ಹೇಳಿಕೊಡಿ. ಒಳ್ಳೆ ಫೋನ್ ಇರುವವರು ವಾರಕ್ಕೊಮ್ಮೆ ಅದನ್ನು ಇಲ್ಲದವರ ಕೈಗೆ ಕೊಡಿ. ಮೈಕ್‌ನಲ್ಲಿ ಹುಡುಗಿಯ ದನಿ ಕೇಳಿ ಯಾರಾದರೂ ಹೊಲಸು ಮಾತಾಡಿದರೆ ರಿಪೋರ್ಟ್ ಬಟನ್ ಒತ್ತೋ ಕೆಲಸ ಅವಳೊಬ್ಬಳದ್ದೇ ಆಗದಿರಲಿ. ಯಾರಾದರೂ ‘ಅವನು ಹುಟ್ಟಾ ಟ್ಯಾಲೆಂಟ್’ ಅಂದರೆ, ಅವನ ಫೋನ್ ಯಾವುದು, ದಿನಕ್ಕೆ ಎಷ್ಟು ಹೊತ್ತು ಆಡ್ತಾನೆ, ಯಾರು ಹೇಳಿಕೊಟ್ಟರು ಅಂತ ಒಮ್ಮೆ ಕೇಳಿ.